ಪಿಸ್ತೂಲಿನ ಹಿಡಿಯಲ್ಲಿದ್ದ ತುಕ್ಕು

ಪಿಸ್ತೂಲಿನ ಬಾಯಿಯಲ್ಲಿ ತುಕ್ಕು ಇರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ನಡೆದ ಮಾತುಕತೆಯಲ್ಲಿ ಈ ಸಂಗತಿಯನ್ನು ಒಬ್ಬರೂ ಸುಳ್ಳೆನ್ನಲಿಲ್ಲ. ನಿಜವೆಂದು ಒಪ್ಪಿಕೊಂಡೇ ಅದನ್ನು ಪಕ್ಕಕ್ಕೆ ಸರಿಸಿದರು. ಪತ್ರಿಕೆಯ ಕೆಲಸದಲ್ಲಿದ್ದಾಗ ಸುಳ್ಳು ಹೇಳುವವರ ಜೊತೆ ಬಹಳ ಏಗಿದ್ದೇನೆ. ಅವರ ಮೇಲೆ ನನಗೆ ಇಷ್ಟು ಸಿಟ್ಟು ಬಂದದ್ದಿಲ್ಲ.

ನಮ್ಮೂರಿನ ಕಬ್ಬಿಣ ನೀರಿಗೆ ತುಕ್ಕು ಹಿಡಿಯುವುದಿಲ್ಲ. ಬಾವಿಯ ಕೆಸರಿನಲ್ಲಿ ಎರಡು ತಲೆಮಾರು ಹೂತಿದ್ದ, ಬಿದ್ದ ಕೊಡ ಎತ್ತುವ ಪಾತಾಳಗರಡಿಯೊಂದು ಮೇಲೆ ಬಂದಾಗ ನಿನ್ನೆ ಕೊಂಡದ್ದರಂತೆ ಹೊಳೆಯುತ್ತಿತ್ತು. ತುಕ್ಕು ಹಿಡಿಯುವುದು ಮನುಷ್ಯರಿಗೆ ಗಾಯ ಮಾಡಿದ ಕಬ್ಬಿಣಕ್ಕೆ. ಅದೂ ಗಾಯ ಮಾಡಿದ ಭಾಗಕ್ಕೆ ಮಾತ್ರ. ಬೆರಳು ಕುಯ್ದ ಈಳಿಗೆಯ ಅಲಗಿನಲ್ಲಿ ಸಾಸಿವೆಯಷ್ಟು ಚುಕ್ಕೆ ಮೂಡುತ್ತದೆ. ಉಜ್ಜಿ ತೆಗೆದರೆ ಸ್ವಲ್ಪ ದಿನಕ್ಕೆ ಅಲ್ಲೇ ಬರುತ್ತದೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದಾಗ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆ ಹೊಕ್ಕು, ಒಲೆಯ ಪಕ್ಕದ ಚಿಮಟವನ್ನು ಒಮ್ಮೆ ತಿರುಗಿಸಿ ನೋಡುತ್ತಾರೆ. ಬಸ್ಸು ಹತ್ತುವವರು ಮೊದಲು ಬಂಪರ್ ನೋಡುತ್ತಾರೆ. ಅದಕ್ಕೆ ಹೊಸ ಬಣ್ಣ ಬಳಿದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಾರೆ. ಕ್ಷೌರಿಕರ ಕತ್ತಿಯಲ್ಲಿ ನಾಲ್ಕಾರು ಚುಕ್ಕೆ ಇರಬೇಕು. ಚುಕ್ಕೆಯೇ ಇಲ್ಲದವನನ್ನು ಹೊಸಬನೆಂದು ಜನ ಗಡ್ಡದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹೆಂಡತಿಗೆ ಹೊಡೆಯುವವರು ಮನೆಗೆ ಹಿತ್ತಾಳೆ ಸಾಮಾನೇ ಕೊಳ್ಳುತ್ತಾರೆಂಬ ಮಾತೂ ಇದೆ. ಅದಕ್ಕೆ ಅಂಕಿಅಂಶ ನನ್ನಲ್ಲಿಲ್ಲ.

ಪತ್ರಿಕೆ ಮುಚ್ಚಿದ ಮೇಲೆ ಹಳೆಯ ಕಬ್ಬಿಣದ ಸ್ಥಿತಿ ನೋಡಿ ಬೆಲೆ ಕಟ್ಟುವುದು ನನ್ನ ಉದ್ಯೋಗವಾಯಿತು. ಕುಡುಗೋಲು, ಸೈಕಲ್ಲು, ಗೇಟು, ಹೊಲಿಗೆ ಯಂತ್ರ, ಏನಾದರೂ ಮಾರುವವರು ನನ್ನ ಪ್ರಮಾಣಪತ್ರ ಕೇಳುತ್ತಾರೆ. ತುಕ್ಕು ಕಂಡರೆ ಬೆಲೆ ಇಳಿಯುತ್ತದೆ. ಇದು ಇಲ್ಲಿ ತಕರಾರಿಲ್ಲದ ಲೆಕ್ಕ. ತುಕ್ಕಿಗೇ ಮರ್ಯಾದೆ ಸಿಕ್ಕ ವಸ್ತು ಊರಿನಲ್ಲಿ ಒಂದೇ: ನಾಡಗೌಡರ ವಾಡೆಯ ಪಿಸ್ತೂಲು.

ಅದರ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೆವು. ಹಿಂದೆ ಊರಿನ ಖಜಾನೆಗೆ ಹುಲಿಗೆಪ್ಪ ಎಂಬವನು ಕಾವಲುಗಾರನಾಗಿದ್ದ. ಅವನೇ ಬೀಗ ಒಡೆದು ಹಣದ ಚೀಲ ಹೊತ್ತು ಓಡಿದ. ಸಂಗನಗೌಡ ನಾಡಗೌಡರು ವಾಡೆಯ ಕಟ್ಟೆಯ ಮೇಲೆ ನಿಂತು, ಮೂವತ್ತು ಮಾರು ದೂರದಿಂದ, ಒಂದೇ ಗುಂಡಿಗೆ ಅವನ ಬೆನ್ನಿಗೆ ಹೊಡೆದು ಕೊಂದರು. ಚೀಲ ಖಜಾನೆಗೆ ಮರಳಿತು, ಗೌಡರಿಗೆ ಇನಾಮು ಬಂತು. ಊರಿನ ಪಂಚರು ಸೇರಿ ಇನ್ನೊಂದು ತೀರ್ಮಾನ ಮಾಡಿದರು: ಬೀಗ ಒಡೆದವನ ಮನೆಗೆ ಇನ್ನು ಮುಂದೆ ಬೀಗವಿಲ್ಲ. ಪಂಚರೆಲ್ಲ ಸತ್ತರು. ತೀರ್ಮಾನ ಸಾಯಲಿಲ್ಲ.

ಆ ಮನೆಯಲ್ಲಿ ಈಗ ಇರುವವಳು ಹುಲಿಗೆಪ್ಪನ ಮಗಳು ದುರಗವ್ವ. ಅಪ್ಪ ಸತ್ತಾಗ ತೊಟ್ಟಿಲಲ್ಲಿದ್ದವಳಿಗೆ ಈಗ ಎಪ್ಪತ್ತು ದಾಟಿದೆ. ಸಂತೆಪೇಟೆಯ ಹಿಂದೆ ಅವಳ ಖಾನಾವಳಿ. ಮುಂದೆ ಊಟದ ಪಡಸಾಲೆ, ಹಿಂದೆ ಮನೆ. ಪೇಟೆಯಲ್ಲಿದ್ದವರೆಲ್ಲ ಅವಳ ರೊಟ್ಟಿ ತಿಂದವರೇ. ಆದರೆ ಅವಳ ಬಾಗಿಲಿಗೆ ಬೀಗ ಮಾರುವವರು ಯಾರೂ ಇಲ್ಲ. ಖಾನಾವಳಿಯ ಪರವಾನಗಿ ಪುರಸಭೆಯ ಕೈಯಲ್ಲಿ, ಪುರಸಭೆ ವಾಡೆಯ ಕೈಯಲ್ಲಿ. ಹಿತ್ತಾಳೆ ಹಂಡೆ ಹೋಗಿದೆ, ಜೋಳದ ಚೀಲ ಹೋಗಿದೆ, ಮದುವೆಯ ಸೀರೆ ಹೋಗಿದೆ. ದೂರು ಕೊಟ್ಟರೆ ಅದನ್ನು ಬರೆದುಕೊಳ್ಳುವ ಪೊಲೀಸರೇ "ಬೀಗ ಇರಲಿಲ್ಲಲ್ಲ" ಎಂದು ನಗುತ್ತಾರೆ. ಹೀಗಾಗಿ ಮನೆಯಲ್ಲಿ ಯಾವಾಗಲೂ ಒಬ್ಬರು ಇರಬೇಕು. ಗಂಡ ತೀರಿದ ಮೇಲೆ ಆ ಒಬ್ಬರು ಅವಳೇ. ಮಗಳನ್ನು ದೂರದ ಊರಿಗೆ ಕೊಟ್ಟಿದ್ದಾಳೆ. ಆ ಮಗಳ ಮನೆಯನ್ನು ಒಮ್ಮೆಯೂ ನೋಡಿಲ್ಲ. ಹೋದರೆ ರಾತ್ರಿ ತಂಗಬೇಕು.

ಈ ವರ್ಷ ಪುರಸಭೆ ಆ ಪಿಸ್ತೂಲನ್ನು ಕೊಂಡು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಭಾಭವನದ ಎದುರು ನಿಲ್ಲಿಸಲು ಠರಾವು ಮಾಡಿತು. ಕೆಳಗೆ ಕಲ್ಲಿನ ಫಲಕ: "ಓಡುತ್ತಿದ್ದ ಕಳ್ಳ ಹುಲಿಗೆಪ್ಪನನ್ನು ಗುಂಡಿಟ್ಟು ಕೊಂದ ಪಿಸ್ತೂಲು." ಸ್ಥಿತಿ ಪರೀಕ್ಷಿಸಿ ಬೆಲೆ ಕಟ್ಟಲು ನನಗೆ ಹೇಳಿಕಳಿಸಿದರು.

ವಾಡೆಗೆ ಹೋದೆ. ಸಂಗನಗೌಡರ ಮೊಮ್ಮಗ ಬಾಪುಗೌಡರು ಒಳ್ಳೆಯ ಮಾತುಗಾರರು. ಚಹಾ ತರಿಸಿದರು, ಕುರ್ಚಿಯ ಧೂಳನ್ನು ತಾವೇ ಒರೆಸಿದರು.

"ಬರ್ರಿ ಇಂದುಮತಿ ಬಾಯಾರ. ಊರಾಗ ಎಲ್ಲಾರೂ ತುಕ್ಕ ಮುಚ್ಚಿಡ್ತಾರ, ನಾವು ಗ್ವಾಡಿಗೆ ಹಾಕೀವಿ ನೋಡ್ರಿ" ಎಂದರು.

"ಇಳಿಸಿ ಕೊಡ್ತೀರೇನು? ಕೈಯಾಗ ಹಿಡದು ನೋಡಬೇಕು."

"ಇಳಿಸೋದೇನು, ನೀವು ಮನೀಗೇ ಒಯ್ರಿ. ಮದ್ದಿಲ್ಲ, ಗುಂಡಿಲ್ಲ, ನನ್ನಂಗ ಬರೇ ಹೆಸರಿಂದು ಅದು."

ಗೋಡೆಯ ಮೇಲೆ ಅದನ್ನು ಕೆಂಪು ಮಖಮಲ್ಲಿಗೆ ಹೊಲಿದಿದ್ದರು. ಹಿಡಿಯ ಕಡೆಯ ಕಂದು ತುಕ್ಕು ದೂರದಿಂದಲೇ ಕಾಣುತ್ತಿತ್ತು. ನಳಿಗೆ ಬಟ್ಟೆಯ ಮಡಿಕೆಯೊಳಗಿತ್ತು. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದು ತೋರಿಸುತ್ತಾರೆ. ನಾನೂ ಆ ಸಾಲಿನಲ್ಲಿ ನಿಂತಿದ್ದೆ. ತುಕ್ಕು ಇದೆಯೆಂದು ಎಲ್ಲರೂ ನೋಡಿದೆವು. ಎಲ್ಲಿದೆಯೆಂದು ಯಾರೂ ಕೇಳಲಿಲ್ಲ. ಮದುವೆಯ ಮಾತಿಗೆ ಹೋದಲ್ಲಿ ಚಿಮಟದ ಯಾವ ಬದಿಗೆ ಚುಕ್ಕೆಯಿದೆ ಎಂದು ವಾದ ಮಾಡುವ ಊರು ನಮ್ಮದು.

ದಾರ ಬಿಚ್ಚಿ ಮೇಜಿನ ಮೇಲಿಟ್ಟೆ. ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಪಿಸ್ತೂಲು. ಹಿಡಿ ಮರದ್ದು, ಅದರ ತುದಿಗೆ ನಿಂಬೆಹಣ್ಣಿನ ಗಾತ್ರದ, ಗುಂಡನೆಯ ಕಬ್ಬಿಣದ ಗುಬ್ಬಿ. ಗುಂಡು ಮನುಷ್ಯನಿಗೆ ತಗುಲಿದ್ದರೆ ನಳಿಗೆಯ ಒಳಗೆ, ಬಾಯಿಯಿಂದ ಬುಡದವರೆಗೆ ತುಕ್ಕು ಇರುತ್ತದೆ. ಬೇಟೆಯಲ್ಲಿ ಜೊತೆಗಾರನಿಗೆ ತಪ್ಪಿ ಹೊಡೆದ ಬಂದೂಕುಗಳನ್ನು ನಾನು ನೋಡಿದ್ದೇನೆ, ಒಳಗೆ ಸುಟ್ಟ ರೊಟ್ಟಿಯ ಹಾಗೆ ಚಕ್ಕೆ ಎದ್ದಿರುತ್ತದೆ. ಇದರ ಬಾಯಿ ನುಣ್ಣಗಿತ್ತು. ಕೋಲಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ಆಡಿಸಿದೆ. ಧೂಳು ಬಂತು, ಸತ್ತ ಜೇಡವೊಂದು ಬಂತು. ತುಕ್ಕಿನ ಬಣ್ಣ ಬರಲಿಲ್ಲ. ಟಾರ್ಚಿನ ಬೆಳಕು ಬಿಟ್ಟು ನೋಡಿದರೆ ಬುಡದವರೆಗೂ ಕನ್ನಡಿ.

ತುಕ್ಕೆಲ್ಲ ಹಿಡಿಯ ತುದಿಯ ಗುಬ್ಬಿಯಲ್ಲಿತ್ತು. ಒಂದು ಬದಿಗಲ್ಲ, ಸುತ್ತಲೂ. ಗುಬ್ಬಿಯನ್ನು ಮರಕ್ಕೆ ಬಿಗಿದ ಪಟ್ಟಿಯ ಅಂಚಿಗೂ ಹಬ್ಬಿತ್ತು. ಒಂದು ಪೆಟ್ಟಿಗೆ ಹಾಗೆ ಆಗುವುದಿಲ್ಲ. ಪಿಸ್ತೂಲನ್ನು ನಳಿಗೆಯ ಕಡೆಯಿಂದ ಹಿಡಿದು, ಸುತ್ತಿಗೆಯ ಹಾಗೆ ಬೀಸಿ, ಮತ್ತೆ ಮತ್ತೆ ಹೊಡೆದಾಗ ಆಗುತ್ತದೆ.

"ಹೆಂಗೈತ್ರಿ ಮಾಲು?" ಎಂದರು ಬಾಪುಗೌಡರು.

"ಈ ಪಿಸ್ತೂಲಿನ ಗುಂಡು ಯಾರಿಗೂ ಬಡದಿಲ್ರಿ ಗೌಡ್ರ" ಎಂದೆ. ತೋರಿಸಿದೆ. ಟಾರ್ಚನ್ನು ಅವರ ಕೈಗೇ ಕೊಟ್ಟೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಬೆದರಲಿಲ್ಲ, ಸಿಟ್ಟಾಗಲಿಲ್ಲ.

"ನೀವು ಕಂಡದ್ದ ಬರೀರಿ ಬಾಯಾರ. ನಮ್ಮ ಕಡಿಂದ ಏನೂ ಒತ್ತಾಯ ಇಲ್ಲ" ಎಂದರು. ಆಗ ಅದನ್ನು ನಾನು ಪ್ರಾಮಾಣಿಕತೆ ಅಂದುಕೊಂಡೆ.

ಅಂದು ಮಧ್ಯಾಹ್ನ ದುರಗವ್ವನ ಖಾನಾವಳಿಯಲ್ಲಿ ಊಟಕ್ಕೆ ಕುಳಿತೆ. ಅವಳಿಗೆ ಸುದ್ದಿ ಮುಟ್ಟಿತ್ತು.

"ಪಿಸ್ತೂಲ ನೋಡಾಕ ಹೋಗಿದ್ದಿಯಂತಲ್ಲ ತಂಗಿ. ಅಪ್ಪ ಕಳ್ಳ ಅಂತ ಕಲ್ಲಿನ್ಯಾಗ ಕೆತ್ತಸ್ತಾರಂತ? ಇಷ್ಟ ದಿನ ಮಂದಿ ಬಾಯಾಗ ಇತ್ತು, ನಡೀತಿತ್ತು. ಮಂದಿ ಸಾಯ್ತಾರ. ಕಲ್ಲ ಸಾಯೂದಿಲ್ಲ."

ನನಗೆ ತಿಳಿದದ್ದನ್ನು ಹೇಳಿದೆ. ನಳಿಗೆ ಚೊಕ್ಕ ಇದೆ, ತುಕ್ಕು ಹಿಡಿಯಲ್ಲಿದೆ ಎಂದೆ.

"ಹಂಗಾರ ಅಪ್ಪ ಓಡಿರಲಿಲ್ಲ?"

"ಗುಂಡಿನಿಂದ ಸತ್ತಿಲ್ಲ ಅನ್ನೂದು ಖರೆ. ಕಳವು ಮಾಡಿದ್ನೋ ಇಲ್ಲೋ, ಪಿಸ್ತೂಲು ಹೇಳೂದಿಲ್ಲ ಅವ್ವಾ. ನಾನು ಇಲ್ಲದ್ದು ಹೇಳಾಂಗಿಲ್ಲ."

"ಕಳವಿನ ಮಾತ ಬಿಡು. ಬೆನ್ನ ತೋರಿಸಿ ಓಡಿದವನ ಮಗಳಂತ ಅಂತಾರ ನನ್ನ. ನಾ ಅದನ್ನ ಕೇಳಾಕತ್ತೀನಿ."

"ಹಿಡೀಲೆ ಹೊಡೀಬೇಕಂದ್ರ ಕೈಯಳತಿಯೊಳಗ ಇರಬೇಕು. ಮೂವತ್ತು ಮಾರು ದೂರ ಇದ್ದಾಂವಗ ಅದರಲೆ ಹೊಡಿಯಾಕ ಬರೂದಿಲ್ಲ."

ಅವಳು ನೀರಿನ ತಂಬಿಗೆ ಕೆಳಗಿಟ್ಟಳು. ಇನ್ನೊಂದು ಪ್ರಶ್ನೆ ಅವಳ ಬಾಯಿಗೆ ಬಂದದ್ದು ಕಂಡೆ: ಎಷ್ಟು ಪೆಟ್ಟು? ಕೇಳಲಿಲ್ಲ. ಕೇಳಿದ್ದರೆ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಅವಳು ಕೇಳಿದ್ದು ಬೇರೆ: "ಸಭಾದಾಗ ಇದನ್ನ ಹೇಳಿದ್ರ, ನನಗ ಬೀಗ ಹಾಕ್ಕೊಳ್ಳಾಕ ಬಿಡ್ತಾರೇನು? ಒಮ್ಮೆ ಮಗಳ ಮನೀಗೆ ಹೋಗಿ ಬರ್ತಿದ್ದೆ. ಅಳಿಯ ಹೊಸಾ ಪಡಸಾಲಿ ಹಾಕಸ್ಯಾನಂತ."

ಬಿಡಬೇಕು ಎಂದೆ. ಬಿಡುತ್ತಾರೆ ಎನ್ನಲಿಲ್ಲ. ಆದರೆ ಮನಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ.

ಪುರಸಭೆಯ ಸಭೆಗೆ ಪಿಸ್ತೂಲು, ಟಾರ್ಚು, ಬಿಳಿ ಬಟ್ಟೆ ಎಲ್ಲ ಒಯ್ದೆ. ಅಧ್ಯಕ್ಷ ರಾಚಪ್ಪ ಬಳಿಗಾರರ ಎಡಬಲಕ್ಕೆ ಸದಸ್ಯರು, ಎದುರಿಗೆ ಬಾಪುಗೌಡರು. ನಾನು ವರದಿ ಓದಿದೆ. ನಳಿಗೆ: ನಿರ್ಮಲ. ಬಾಯಿ: ನಿರ್ಮಲ. ಮದ್ದು ಸಿಡಿಸುವ ಕುದುರೆ: ನಿರ್ಮಲ. ಹಿಡಿಯ ಗುಬ್ಬಿ: ಸುತ್ತಲೂ ದಟ್ಟ ತುಕ್ಕು, ಪದರುಪದರಾಗಿ. ತೀರ್ಮಾನ: ಈ ಪಿಸ್ತೂಲಿನ ಗುಂಡಿನಿಂದ ಯಾವ ಮನುಷ್ಯನಿಗೂ ಗಾಯವಾಗಿಲ್ಲ, ಇದರ ಹಿಡಿಯಿಂದ ಒಬ್ಬರಿಗಾದರೂ, ಹತ್ತಿರದಿಂದ, ಹಲವು ಸಲ ಆಗಿದೆ. ಪಿಸ್ತೂಲು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಒಳಗೆ ಇಣುಕಿ ನೋಡಿದರು. ಯಾರೂ ಅಲ್ಲವೆನ್ನಲಿಲ್ಲ. ಅಷ್ಟರಲ್ಲಿ ಸದಸ್ಯರ ಊಟದ ಬುಟ್ಟಿ ಹೊತ್ತು ದುರಗವ್ವ ಬಂದಳು. ಸಭೆಯ ದಿನ ಊಟ ಅವಳದೇ, ಅಷ್ಟು ಹೊತ್ತು ಊಟಕ್ಕೆ ಬಂದ ಯಾರನ್ನಾದರೂ ಪಡಸಾಲೆಯಲ್ಲಿ ಕಾವಲು ಕೂರಿಸಿ ಬರುತ್ತಾಳೆ. ಬುಟ್ಟಿ ಇಳಿಸಿ ಬಾಗಿಲ ಬಳಿ ನಿಂತಳು.

ಮೊದಲು ಮಾತಾಡಿದವರು ಬಾಪುಗೌಡರು. "ಸಭಾಕ್ಕ ಒಂದ ಮಾತ ಹೇಳ್ತೀನಿ. ದೂರ ನಿಂತು ಗುಂಡ ಹಾರಸೂದು ಯಾರ ಬೇಕಾದ್ರೂ ಹಾರಸ್ತಾರ. ನಮ್ಮ ಅಜ್ಜಾರು ಕೈಯಾರೆ ಹೊಡದಾರ ಅಂದ್ರ, ನಾವು ಅವರ ಧೈರ್ಯ ಇಷ್ಟ ದಿನ ಕಡಿಮಿ ಹೇಳಿದಂಗಾತು. ಬಾಯಾರು ನಮ್ಮ ಮನಿತನಕ್ಕ ದೊಡ್ಡ ಉಪಕಾರ ಮಾಡ್ಯಾರ."

ಒಬ್ಬ ಸದಸ್ಯ ಮೇಜು ತಟ್ಟಿದ. ಆಮೇಲೆ ಎಲ್ಲರೂ ತಟ್ಟಿದರು.

"ಹಂಗಾರ ಫಲಕದಾಗ 'ಗುಂಡಿಟ್ಟು' ತಗದು 'ಕೈಯಾರೆ' ಹಾಕೂಣು. ಕಲ್ಲಿಗೆ ಇನ್ನೂ ಉಳಿ ಇಟ್ಟಿಲ್ಲ" ಎಂದರು ಅಧ್ಯಕ್ಷರು. ನನ್ನ ಕಡೆ ತಿರುಗಿ, "ಬೆಲೆ ಇದರಿಂದ ಹೆಚ್ಚಾಗತೈತಲ್ರಿ ಮೇಡಂ?" ಎಂದರು.

ನಾನು ಕೇಳಿದೆ: "ಓಡಾಂವನ್ನ ಹಿಡೀಲೆ ಹೆಂಗ ಹೊಡದ್ರು?"

"ಬೆನ್ನಹತ್ತಿ ಹಿಡದಿರಬೇಕು" ಎಂದರು ಬಾಪುಗೌಡರು.

"ಹಿಡದ ಮ್ಯಾಲೆ ಕಚೇರಿಗೆ ಒಪ್ಪಸಬೇಕಿತ್ತಲ್ಲ. ಸಿಕ್ಕಾಂವನ್ನ ಸಾಯೂಮಟ ಹೊಡದದ್ದಕ್ಕ ಇನಾಮು ಯಾಕ ಬಂತು?"

"ಆ ಕಾಲದಾಗ ಹಂಗ ಇತ್ರಿ" ಎಂದರು ಅಧ್ಯಕ್ಷರು, ನಾನು ಹವಾಮಾನ ಕೇಳಿದ ಹಾಗೆ.

"ಹಂಗಿದ್ರ 'ಓಡುತ್ತಿದ್ದ' ಅನ್ನೂದನ್ನಾರ ತಗೀರಿ. ಪಿಸ್ತೂಲು ಅದನ್ನ ಸುಳ್ಳ ಅಂತೈತಿ."

"ತಗದ್ರ ವಾಕ್ಯ ಸಪ್ಪಗಾಕ್ಕತಿ" ಎಂದ ಮೇಜು ತಟ್ಟಿದ ಸದಸ್ಯ. ಅದು ತಮಾಷೆಯಲ್ಲ. ಅವನು ನಿಜವಾಗಿಯೂ ವಾಕ್ಯದ ಬಗ್ಗೆ ಯೋಚಿಸುತ್ತಿದ್ದ.

ಬಾಗಿಲ ಬಳಿಯಿಂದ ದುರಗವ್ವ ಹೇಳಿದಳು: "ಅಧ್ಯಕ್ಷರ, ನಂದೊಂದು ಮಾತ ಐತಿ. ನನಗ ಬೀಗ ಹಾಕ್ಕೊಳ್ಳಾಕ ಬಿಡ್ರಿ."

"ಅವ್ವಾ, ಅದು ಇವತ್ತಿನ ವಿಷಯದಾಗ ಇಲ್ಲ."

ಬಾಪುಗೌಡರು ಕೈಯೆತ್ತಿ ಅಧ್ಯಕ್ಷರನ್ನು ತಡೆದರು. ಅವರ ದನಿ ಬಹಳ ಮೆತ್ತಗಿತ್ತು. "ಹಾಕ್ಕೊಳ್ಳಲಿ ಬಿಡ್ರಿ. ವಯಸ್ಸಾದಾಕಿ. ನಂದೇನೂ ತಕರಾರಿಲ್ಲ. ದುರಗವ್ವ, ಫಲಕ ಒಪ್ಪಿಗಿ ಐತಿ ಅಂತ ಸಭಾದಾಗ ಒಂದ ಮಾತ ಹೇಳಿಬಿಡು. ಕಳ್ಳನ ಮನ್ಯಾವರ ಒಪ್ಪಿದ್ರು ಅಂದ್ರ ನಾಳೆ ಯಾರೂ ಎರಡ ಮಾತಾಡೂದಿಲ್ಲ. ಸಂಜೀಕ ಬೀಗ ನಾನ ಕೊಡಸ್ತೀನಿ, ದೊಡ್ಡದು."

ಸಭೆಗೆ ಅದು ಔದಾರ್ಯವಾಗಿ ಕಂಡಿತು. ಒಬ್ಬಿಬ್ಬರು ತಲೆದೂಗಿದರು. ಮೂಲೆಯಲ್ಲಿದ್ದ ಒಬ್ಬ ಸದಸ್ಯೆ, "ಹ್ಞೂಂ ಅನ್ನಬೇ ಯವ್ವಾ, ಮಗಳ ಮನಿ ನೋಡಿ ಬರ್ತಿ" ಎಂದು ಪ್ರೀತಿಯಿಂದಲೇ ಹೇಳಿದಳು. ಆ ಪ್ರೀತಿಯನ್ನೂ ನನಗೆ ಸಹಿಸಲಾಗಲಿಲ್ಲ. ಎಪ್ಪತ್ತು ವರ್ಷ ಕಿತ್ತುಕೊಂಡಿದ್ದನ್ನು ಮರಳಿಸಲು, ಅವಳ ಅಪ್ಪನನ್ನು ಅವಳ ಬಾಯಿಂದಲೇ ಇನ್ನೊಮ್ಮೆ ಕೊಲ್ಲಿಸುವ ಕರಾರು ಅದು. ಅದನ್ನು ಕೇಳಿ ಒಬ್ಬರ ಮುಖವೂ ಕೆಂಪಾಗಲಿಲ್ಲ. ಹಸಿವಾಗಿದ್ದವರು ಬುಟ್ಟಿಯ ಕಡೆ ನೋಡುತ್ತಿದ್ದರು.

ದುರಗವ್ವ ಬಗ್ಗಿ ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡಿದಳು. ಬಡಿಸಲು ಕುಳಿತಳೆಂದು ಎಲ್ಲರೂ ತಿಳಿದರು. ಅವಳು ಸಿಂಬೆ ಸರಿಯಿಟ್ಟುಕೊಂಡು ಬುಟ್ಟಿಯನ್ನು ಮತ್ತೆ ತಲೆಗೇರಿಸಿದಳು.

"ಯಾಕಬೇ, ಊಟ?" ಎಂದರು ಅಧ್ಯಕ್ಷರು.

"ಅದು ಇವತ್ತಿನ ವಿಷಯದಾಗ ಇಲ್ರಿ" ಎಂದು ಹೇಳಿ ಅವಳು ಮೆಟ್ಟಿಲಿಳಿದಳು.

ನಾನು ಬೆಲೆಯ ಜಾಗದಲ್ಲಿ ಬರೆದೆ: ಪಿಸ್ತೂಲಾಗಿ ಇದು ಮನುಷ್ಯರ ಮೇಲೆ ಬಳಕೆಯಾಗಿಲ್ಲ, ಆದ್ದರಿಂದ ಫಲಕದಲ್ಲಿ ಹೇಳಿದ ವಸ್ತು ಇದಲ್ಲ, ಬೆಲೆ ಕಟ್ಟಲಾಗದು. ಸಹಿ ಮಾಡಿ ಮೇಜಿನ ಮೇಲಿಟ್ಟೆ. ಅಧ್ಯಕ್ಷರು ಅದನ್ನು ಓದಿ, ಬೇರೆಯವರಿಂದ ಬೆಲೆ ಕಟ್ಟಿಸುತ್ತೇವೆ ಎಂದರು. ಕಟ್ಟಿಸಿದರು ಕೂಡ, ಪಿಸ್ತೂಲು ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಗುಬ್ಬಿ ಜನರ ಕಡೆಗಿದೆ, ಕಲ್ಲಿನ ಮೇಲೆ "ಓಡುತ್ತಿದ್ದ" ಎಂದೇ ಇದೆ. ಓಡುವವನನ್ನು ಹಿಡಿಯಿಂದ ಹೊಡೆದದ್ದು ಹೇಗೆಂದು ಈವರೆಗೆ ಅಲ್ಲಿ ನಿಂತು ಓದಿದ ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ. ಆದರೆ ಅದು ಆಮೇಲಿನ ಮಾತು.

ಆ ದಿನ ನಾನು ಸಭೆಯಿಂದ ಹೊರಬಂದಾಗ ದುರಗವ್ವ ಪೇಟೆಯಲ್ಲಿ ಮಲ್ಲೇಶಿಯ ಕಬ್ಬಿಣದ ಅಂಗಡಿಯ ಮುಂದೆ ನಿಂತಿದ್ದಳು. ಬುಟ್ಟಿ ಗಲ್ಲಾದ ಮೇಲಿತ್ತು. ಸುತ್ತ ನಾಲ್ಕಾರು ಜನ ಸೇರಿದ್ದರು.

"ಯವ್ವಾ, ಬ್ಯಾರೆ ಏನರ ಕೇಳ. ಗೌಡ್ರ ಕಿವೀಗೆ ಬಿದ್ರ ನನ್ನ ಅಂಗಡಿ..." ಎನ್ನುತ್ತಿದ್ದ ಮಲ್ಲೇಶಿ.

"ಇಪ್ಪತ್ತು ವರ್ಷ ಆತು ನನ್ನ ಕೈಯಾಗ ಉಣ್ಣಾಕತ್ತು. ನಿನ್ನ ಅಂಗಡಿ ಚಿಲಕ ನೀನು ದಿನಾ ಎರಡ ಸಲ ಜಗ್ಗಿ ನೋಡಿ ಊಟಕ್ಕ ಬರ್ತಿ. ನಾ ನೋಡೀನಿ. ಒಂದ ಬೀಗ ಕೊಡು."

ಮಲ್ಲೇಶಿ ಸೇರಿದವರ ಮುಖ ನೋಡಿದ, ನನ್ನ ಮುಖ ನೋಡಿದ. ಅವಳ ಅಪ್ಪ ಓಡುತ್ತಾ ಸತ್ತವನಲ್ಲ ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವನಿಗೆ ಗುಂಡು ಬಿದ್ದಿಲ್ಲವೆಂದು ಪುರಸಭೆಯ ಎಲ್ಲ ಸದಸ್ಯರೂ ಕಣ್ಣಾರೆ ನೋಡಿ ಒಪ್ಪಿದ್ದಾರೆ, ಬೇಕಾದರೆ ಹೋಗಿ ಕೇಳಿ ಎಂದೆ. ಅಷ್ಟೂ ನಿಜ. ಅವನು ಬೆನ್ನು ತಿರುಗಿಸಿ ಹಲಗೆಯ ಮೇಲೆ ತಡಕಾಡಿದ. ಕೀಲಿ ತಿರುವಿದರೆ ಮಾತ್ರ ಬೀಳುವ ಹಳೆಯ ಮಾದರಿಯ ಬೀಗವೊಂದನ್ನು ಗಲ್ಲಾದ ಮೇಲಿಟ್ಟು, "ನಾ ಮಾರಿಲ್ಲವಾ, ನೀ ತಗೊಂಡ ಹೋದಿ" ಎಂದ. ಅವಳು ಹಣವನ್ನು ಬೀಗದ ಜಾಗದಲ್ಲೇ ಇಟ್ಟು, "ತಗೊಂಡ ಹೋಗೂದಲ್ಲ, ಕೊಂಡೀನಿ" ಎಂದಳು.

ಮನೆಗೆ ಬಂದರೆ ಬೀಗ ಹಾಕಲು ಬಾಗಿಲಿಗೆ ಕೊಂಡಿಯೇ ಇರಲಿಲ್ಲ. ಬೀಗವಿಲ್ಲದ ಮನೆಗೆ ಯಾರು ಕೊಂಡಿ ಬಡಿಯುತ್ತಾರೆ? ನಾನು ಮತ್ತೆ ಮಲ್ಲೇಶಿಯ ಅಂಗಡಿಗೆ ಹೋಗಿ ಕೊಂಡಿ, ತಿರುಪುಮೊಳೆ ತಂದೆ. ಹಳೆಯ ಮತ್ತಿಮರದ ಬಾಗಿಲು. ತಿರುಪು ಒಳಗೆ ಹೋಗಲು ಒಪ್ಪಲಿಲ್ಲ. ಅಂಗೈಗೆ ಬೊಬ್ಬೆ ಬರುವವರೆಗೆ ತಿರುವಿದೆ. ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು. ಯಾರೂ ತಡೆಯಲಿಲ್ಲ, ಯಾರೂ ಕೈ ಹಚ್ಚಲಿಲ್ಲ. ವಾಡೆಯ ಆಳೊಬ್ಬ ಸೈಕಲ್ ನಿಲ್ಲಿಸಿ ನೋಡಿ, ಬಂದ ದಾರಿಯಲ್ಲೇ ಹೋದ.

ದುರಗವ್ವ ಒಳಗೆ ಹೋಗಿ ಒಲೆ ಆರಿಸಿ ಬಂದಳು. ಬಾಗಿಲು ಎಳೆದಳು. ಬೀಗವನ್ನು ಕೊಂಡಿಗೆ ಸಿಕ್ಕಿಸಿದಳು. ಕೀಲಿಯನ್ನು ತೂತಿಗೆ ಹಾಕಿ ಸುಮ್ಮನೆ ನಿಂತಳು.

ಏನಾಯಿತು ಎಂದು ನನಗೆ ತಿಳಿಯಲಿಲ್ಲ. ಹೆದರಿದಳು ಅಂದುಕೊಂಡೆ.

"ಯಾವ ಕಡೆ ತಿರುವೂದು ತಂಗಿ?" ಎಂದು ಕೇಳಿದಳು.

"ಬಲಕ್ಕ."

ಅವಳು ತಿರುವಿದಳು. ಒಳಗೆ ಸಣ್ಣ ಸದ್ದಾಯಿತು. ಒಮ್ಮೆ ಜಗ್ಗಿ ನೋಡಿದಳು, ಬೀಗ ಬಿಡಲಿಲ್ಲ. ಕೀಲಿಯನ್ನು ಹೊರತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಆಮೇಲೆ ಬೀದಿಯಲ್ಲಿ ನಿಂತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಅವರು ಕಣ್ಣು ತಗ್ಗಿಸುವವರೆಗೆ.

"ಇಷ್ಟನ?" ಎಂದಳು.